ನಿಲ್ಲುವ ಮುನ್ನ ಬರುವ ಧಕ್ಕೆ

ಮುಂದೆ ಕೆಂಪು ದೀಪ ಕಾಣುತ್ತದೆ. ಚಾಲಕ ಬ್ರೇಕನ್ನು ಮೆಲ್ಲಗೆ ಅದುಮುತ್ತಾನೆ. ಗಾಡಿ ನಿಧಾನಿಸುತ್ತ ಬಂದು ಇನ್ನೇನು ನಿಲ್ಲಬೇಕು ಎನ್ನುವಷ್ಟರಲ್ಲಿ, ಹಿಂದಿನಿಂದ ಯಾರೋ ಒದ್ದರೋ ಎಂಬಂತೆ ಒಂದು ಧಕ್ಕೆ. ಒಳಗೆ ಕುಳಿತವರ ತಲೆ ಒಮ್ಮೆ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತದೆ. ಯಾರ ಕೈಯಲ್ಲಾದರೂ ಕಾಫಿಯ ಲೋಟವಿದ್ದರೆ ಹೇಳುವುದೇ ಬೇಡ. ತಮ್ಮಷ್ಟಕ್ಕೆ ತಾವೇ ಗೇರು ಬದಲಾಯಿಸಿಕೊಳ್ಳುವ ಪಿಕಪ್ ಟ್ರಕ್ಕುಗಳನ್ನು ಇಟ್ಟುಕೊಂಡವರಲ್ಲಿ ಈ ದೂರು ಹಳೆಯದು, ಸಾಮಾನ್ಯವಾದುದು.

ಪಿಕಪ್ ಎಂದರೆ ಮುಂದೆ ಕಾರಿನಂಥ ಕೋಣೆ, ಹಿಂದೆ ತೆರೆದ ತೊಟ್ಟಿ ಉಳ್ಳ ಸಣ್ಣ ಲಾರಿ. ಇದರ ತವರುಮನೆ ಅಮೆರಿಕ. ಅಲ್ಲಿನ ರೈತ ಹಗಲೆಲ್ಲ ಅದರಲ್ಲಿ ಹುಲ್ಲಿನ ಹೊರೆ ಸಾಗಿಸಿ, ಸಂಜೆ ಅದರಲ್ಲಿಯೇ ಮನೆಮಂದಿಯನ್ನು ಪೇಟೆಗೆ ಕರೆದೊಯ್ಯುತ್ತಾನೆ. ಫೋರ್ಡ್ ಕಂಪೆನಿಯ ಎಫ್ ಸರಣಿಯ ಟ್ರಕ್ಕು 1948ರ ಮಾದರಿಯಾಗಿ ಹೊರಬಂದಿತು. 1977ರಿಂದೀಚೆಗೆ ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುವ ಟ್ರಕ್ಕೆಂಬ ಹೆಸರು ಅದರದೇ. ನಮ್ಮಲ್ಲಿ ಈ ಜಾತಿಯ ಗಾಡಿ ಇನ್ನೂ ಅಪರೂಪ. ಆದರೂ ಬಿಡದಿಯಲ್ಲಿ ಜೋಡಣೆಯಾಗುವ ಟೊಯೋಟಾ ಹೈಲಕ್ಸ್ 2022ರಲ್ಲಿ ಪೇಟೆಗೆ ಬಂದಾಗ ಸ್ವಯಂಚಾಲಿತ ಗೇರಿನ ಮಾದರಿಯೂ ಅದರೊಡನೆ ಬಂದಿತು. ಅಮೆರಿಕದಲ್ಲಿ ನೆಲೆಸಿರುವ ಮಗನೋ ಮಗಳೋ ಇಂಥದೊಂದು ಗಾಡಿಯನ್ನು ಕೊಂಡಿರುವ ಮನೆಗಳೂ ನಮ್ಮ ಊರುಗಳಲ್ಲಿ ಇಲ್ಲದಿಲ್ಲ.

ಧಕ್ಕೆ ಬಂದ ಕೂಡಲೆ ಬಹುಮಂದಿ "ಗೇರುಪೆಟ್ಟಿಗೆ ಹೋಯಿತು" ಎಂದುಕೊಳ್ಳುತ್ತಾರೆ. ಹೊಸ ಪೆಟ್ಟಿಗೆಯನ್ನು ಕೂಡಿಸಲು ಅಮೆರಿಕದಲ್ಲಿ ಸಾವಿರಾರು ಡಾಲರು ಬೇಕು. ಹಾಗೆ ಹಣ ಸುರಿದ ಮೇಲೂ ಧಕ್ಕೆ ಇದ್ದ ಹಾಗೆಯೇ ಇರುವುದುಂಟು. ಏಕೆಂದರೆ ಅದು ಪೆಟ್ಟಿಗೆಯಿಂದ ಬಂದದ್ದೇ ಅಲ್ಲ. ಇದಕ್ಕೆ ತದ್ವಿರುದ್ಧವಾಗಿ, "ಹಳೆಯ ಗಾಡಿ, ಹೀಗೆಯೇ ಇರುತ್ತದೆ" ಎಂದು ಕೈಬಿಟ್ಟ ಧಕ್ಕೆ ಒಂದು ದಿನ ಹೆದ್ದಾರಿಯ ನಡುವೆ ಪ್ರಾಣಕ್ಕೇ ಎರವಾಗಬಹುದು. ಆದಕಾರಣ ಯಾವ ಧಕ್ಕೆ ಯಾವ ಬಗೆಯದು ಎಂಬುದನ್ನು ಬಿಡಿಸಿ ನೋಡುವುದು ಲಾಭದಾಯಕ.

ಮೊದಲು ಗೇರಿನ ವಿಚಾರ. ಎಂಜಿನ್ನು ಒಂದು ವೇಗಕ್ಕಿಂತ ಕಡಿಮೆಯಾಗಿ ತಿರುಗಲಾರದು. ತೀರ ನಿಧಾನಿಸಿದರೆ ಅದು ಆರಿಹೋಗುತ್ತದೆ. ಚಕ್ರವಾದರೋ ನಿಂತ ಸ್ಥಿತಿಯಿಂದ ಹಿಡಿದು ನಾಗಾಲೋಟದವರೆಗೆ ಎಲ್ಲ ವೇಗದಲ್ಲಿಯೂ ತಿರುಗಬೇಕು. ಇವೆರಡರ ನಡುವಣ ದಲ್ಲಾಳಿಯೇ ಗೇರುಪೆಟ್ಟಿಗೆ. ಹೊರಡುವಾಗ ಒಂದನೆಯ ಗೇರು ಎಂಜಿನ್ನಿನ ನಾಲ್ಕು ಸುತ್ತನ್ನು ಒಂದು ಸುತ್ತಾಗಿ ಮಾಡಿ ಕೊಡುತ್ತದೆ. ವೇಗ ಇಳಿದು ಬಲ ಏರುತ್ತದೆ. ಓಟ ಹೆಚ್ಚಿದಂತೆ ಮೇಲಿನ ಗೇರುಗಳು ಬರುತ್ತವೆ. ಗಾಡಿ ನಿಧಾನಿಸಿದಾಗ ಏರಿದ ಮೆಟ್ಟಿಲುಗಳನ್ನೆಲ್ಲ ಮತ್ತೆ ಇಳಿಯಲೇಬೇಕು. ಏರುವಾಗ ಅಷ್ಟಾಗಿ ಕಾಣದ ಕುಂದು ಇಳಿಯುವಾಗ ಎದ್ದು ಕಾಣುವುದೇಕೆ ಎಂಬುದೇ ನಮ್ಮ ಪ್ರಶ್ನೆ.

ಗೇರು ಬದಲಾಯಿಸುವ ಕೆಲಸವನ್ನು ಮನುಷ್ಯನ ಕೈಯಿಂದ ತೆಗೆದು ಯಂತ್ರಕ್ಕೇ ಒಪ್ಪಿಸಬೇಕೆಂಬ ಆಸೆ ಮೋಟಾರು ಗಾಡಿಯಷ್ಟೇ ಹಳೆಯದು. ಹರ್ಮನ್ ಫ್ಯೋಟಿಂಗರ್ ಎಂಬ ಜರ್ಮನ್ ಎಂಜಿನಿಯರು ದ್ರವದ ಮೂಲಕ ಶಕ್ತಿಯನ್ನು ಸಾಗಿಸುವ ಉಪಾಯಕ್ಕೆ 1905ರಲ್ಲಿ ಪೇಟೆಂಟು ಪಡೆದನು. ಅವನ ಕಣ್ಣಿದ್ದದ್ದು ಹಡಗುಗಳ ಮೇಲೆ, ಕಾರುಗಳ ಮೇಲಲ್ಲ. ಜನರಲ್ ಮೋಟರ್ಸ್ ಕಂಪೆನಿ 1940ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ ಹೈಡ್ರಾಮ್ಯಾಟಿಕ್ ಎಂಬ ನಾಲ್ಕು ಗೇರಿನ ಪೆಟ್ಟಿಗೆಯನ್ನು ತಂದಿತು. ಎರಡನೆಯ ಮಹಾಯುದ್ಧದಲ್ಲಿ ಇದೇ ಪೆಟ್ಟಿಗೆ ಅಮೆರಿಕದ ಹಗುರ ಟ್ಯಾಂಕುಗಳಲ್ಲಿ ದುಡಿದು ಪಳಗಿತು. 1954ರಲ್ಲಿ ಷೆವ್ರೊಲೆ ಪಿಕಪ್ಪು ಕೊಳ್ಳುವವರಿಗೂ ಅದು ದೊರೆಯುವಂತಾಯಿತು. ಹೊಲದ ಗಾಡಿಗೆ ಇಂಥ ಶೋಕಿ ಏತಕ್ಕೆ ಎಂದವರು ಆಗ ಇದ್ದಿರಬೇಕು. ಈಗ ಅಮೆರಿಕದಲ್ಲಿ ಕೈಯಿಂದ ಗೇರು ಹಾಕುವ ಪಿಕಪ್ಪು ಸಿಗುವುದೇ ದುರ್ಲಭ.

ಈ ಪೆಟ್ಟಿಗೆಯ ಒಳಗೆ ಏನಿದೆ? ಎಂಜಿನ್ನಿಗೆ ಹೊಂದಿಕೊಂಡಂತೆ ಮೊದಲು ಟಾರ್ಕ್ ಕನ್ವರ್ಟರ್ ಎಂಬ ದುಂಡನೆಯ ಪಾತ್ರೆ. ಅದರಲ್ಲಿ ಎಣ್ಣೆ ತುಂಬಿದೆ. ಎಂಜಿನ್ನು ಒಂದು ಬದಿಯ ರೆಕ್ಕೆಗಳನ್ನು ತಿರುಗಿಸಿ ಎಣ್ಣೆಯನ್ನು ಎರಚುತ್ತದೆ. ಆ ಎಣ್ಣೆಯ ರಭಸ ಎದುರು ಬದಿಯ ರೆಕ್ಕೆಗಳನ್ನು ತಿರುಗಿಸುತ್ತದೆ. ಎರಡರ ನಡುವೆ ಗಟ್ಟಿಯಾದ ಜೋಡಣೆಯಿಲ್ಲ. ಆದ್ದರಿಂದಲೇ ಗಾಡಿ ನಿಂತಿದ್ದರೂ ಎಂಜಿನ್ನು ಆರದೆ ತಿರುಗುತ್ತಿರಬಲ್ಲುದು. ಕನ್ವರ್ಟರಿನ ಹಿಂದೆ ಗ್ರಹಚಕ್ರಗಳು: ನಡುವೆ ಸೂರ್ಯನಂತೆ ಒಂದು ಹಲ್ಲುಚಕ್ರ, ಅದನ್ನು ಸುತ್ತುವ ಗ್ರಹಗಳಂತೆ ಕೆಲವು ಸಣ್ಣ ಚಕ್ರಗಳು, ಎಲ್ಲವನ್ನೂ ಬಳಸಿದ ಹೊರ ಉಂಗುರ. ಇವುಗಳಲ್ಲಿ ಯಾವುದನ್ನು ತಡೆಹಿಡಿದು ಯಾವುದನ್ನು ತಿರುಗಲು ಬಿಡುತ್ತೇವೆ ಎಂಬುದರ ಮೇಲೆ ಗೇರು ನಿರ್ಧಾರವಾಗುತ್ತದೆ. ಹಿಡಿಯುವ ಮತ್ತು ಬಿಡುವ ಕೆಲಸ ಕ್ಲಚ್ಚುಗಳದು. ಆ ಕ್ಲಚ್ಚುಗಳನ್ನು ಒತ್ತುವುದು ಮತ್ತೆ ಅದೇ ಎಣ್ಣೆ, ಪಂಪಿನ ಒತ್ತಡದಿಂದ.

ದೇವರ ಉತ್ಸವದಲ್ಲಿ ಪಲ್ಲಕ್ಕಿ ಹೊರುವವರು ಹೆಗಲು ಬದಲಿಸುವುದನ್ನು ನೀವು ಕಂಡಿದ್ದೀರಿ. ನಡಿಗೆ ನಿಲ್ಲುವುದಿಲ್ಲ, ಹೊಸಬನು ಪಕ್ಕದಲ್ಲಿಯೇ ಹೆಜ್ಜೆ ಹಾಕುತ್ತ ಬಂದು ಹೆಗಲು ಕೊಡುತ್ತಾನೆ, ಹಳಬನು ಮೆಲ್ಲಗೆ ಜಾರಿಕೊಳ್ಳುತ್ತಾನೆ. ಹಳಬನು ಮೊದಲೇ ಬಿಟ್ಟರೆ ಪಲ್ಲಕ್ಕಿ ಕುಸಿಯುತ್ತದೆ. ಇಬ್ಬರೂ ಬಿಗಿಯಾಗಿ ಹಿಡಿದು ಎಳೆದಾಡಿದರೆ ದೇವರು ಅಲುಗಾಡುತ್ತಾನೆ. ಗೇರುಪೆಟ್ಟಿಗೆಯಲ್ಲಿ ಒಂದು ಕ್ಲಚ್ಚು ಬಿಡುವುದು ಮತ್ತೊಂದು ಹಿಡಿಯುವುದು ಇದೇ ರೀತಿ ನಡೆಯಬೇಕು, ಅದೂ ಅರ್ಧ ಸೆಕೆಂಡಿನ ಆಸುಪಾಸಿನಲ್ಲಿ. ತುಸು ಹಿಂದುಮುಂದಾದರೂ ಆ ವ್ಯತ್ಯಾಸ ಆಸನದವರೆಗೆ ಬಂದು ಮುಟ್ಟುತ್ತದೆ.

ವೇಗ ಏರುತ್ತಿರುವಾಗ ಒಂದು ಅನುಕೂಲವಿದೆ. ಎಂಜಿನ್ನು ಸದಾ ಮುಂದಕ್ಕೆ ತಳ್ಳುತ್ತಿರುತ್ತದೆ. ಹಲ್ಲುಗಳೆಲ್ಲ ಒಂದೇ ಮುಖಕ್ಕೆ ಅಂಟಿಕೊಂಡಿರುತ್ತವೆ. ನಿಧಾನಿಸುವಾಗ ಈ ಭರವಸೆ ಇಲ್ಲ. ಚಾಲಕ ಪೆಡಲಿನಿಂದ ಕಾಲು ತೆಗೆದಿದ್ದಾನೆ. ಒಮ್ಮೆ ಎಂಜಿನ್ನು ಚಕ್ರವನ್ನು ತಳ್ಳುತ್ತಿದೆ, ಮರುಕ್ಷಣ ಚಕ್ರವೇ ಎಂಜಿನ್ನನ್ನು ಎಳೆಯುತ್ತಿದೆ.

ಇದನ್ನು ಅಂಕಿಗಳಿಂದ ನೋಡಿದರೆ ಹೆಚ್ಚು ಸ್ಪಷ್ಟವಾದೀತು. ಫೋರ್ಡ್ ಪಿಕಪ್ಪುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಆರು ಗೇರಿನ ಪೆಟ್ಟಿಗೆಯನ್ನೇ ತೆಗೆದುಕೊಳ್ಳೋಣ. ಅದರ ಒಂದನೆಯ ಗೇರಿನ ಪ್ರಮಾಣ 4.17, ಎರಡನೆಯದು 2.34, ಐದನೆಯದು 0.87, ಆರನೆಯದು 0.69. ಹಿಂದಿನ ಅಚ್ಚಿನಲ್ಲಿ ಮತ್ತೆ 3.73ರ ಇಳಿಕೆ ಇದೆ ಎಂದುಕೊಳ್ಳಿ. ಚಕ್ರದ ಸುತ್ತಳತೆ ಎರಡೂವರೆ ಮೀಟರು, ಎಂದರೆ ಕಿಲೋಮೀಟರಿಗೆ 400 ಸುತ್ತು. ಆರರಿಂದ ಐದಕ್ಕೆ ಇಳಿದಾಗ ಪೆಟ್ಟಿಗೆಯನ್ನು ಒಳಹೊಗುವ ದಂಡದ ವೇಗ ನೂರಕ್ಕೆ 25ರಷ್ಟು ಹೆಚ್ಚಬೇಕು. ಅದು ಸಣ್ಣ ಮೆಟ್ಟಿಲು, ಗಮನಕ್ಕೇ ಬಾರದು. ಎರಡರಿಂದ ಒಂದಕ್ಕೆ ಇಳಿದಾಗಲಾದರೋ ನೂರಕ್ಕೆ 78ರಷ್ಟು ಒಮ್ಮೆಲೇ ಹೆಚ್ಚಬೇಕು. ಎಲ್ಲಕ್ಕಿಂತ ದೊಡ್ಡ ಮೆಟ್ಟಿಲು ನಿಲ್ಲುವ ಹೊತ್ತಿನಲ್ಲಿಯೇ ಬರುತ್ತದೆ ಎಂದಾಯಿತು.

ಈಗ ಗಾಡಿ ಗಂಟೆಗೆ 8 ಕಿಲೋಮೀಟರಿಗೆ ಇಳಿದಿದೆ ಎನ್ನೋಣ. ಎರಡನೆಯ ಗೇರಿನಲ್ಲಿದ್ದರೆ ಆ ದಂಡ ನಿಮಿಷಕ್ಕೆ ಸುಮಾರು 465 ಸುತ್ತು ತಿರುಗುತ್ತದೆ. ಪೆಡಲು ಮುಟ್ಟದೆಯೂ ಎಂಜಿನ್ನು ತಿರುಗುವ ವೇಗ ಸುಮಾರು 650. ಎಂಜಿನ್ನಿನದೇ ಮೇಲುಗೈ, ಅದು ಮೆಲ್ಲಗೆ ತಳ್ಳುತ್ತಿದೆ. ಇದೇ ಕ್ಷಣದಲ್ಲಿ ಒಂದನೆಯ ಗೇರು ಬಂದರೆ ದಂಡದ ವೇಗ ಸುಮಾರು 830ಕ್ಕೆ ನೆಗೆಯಬೇಕು. ಮೇಲುಗೈ ಚಕ್ರಕ್ಕೆ ಹೋಯಿತು! ತಳ್ಳುತ್ತಿದ್ದದ್ದು ಎಳೆಸಿಕೊಳ್ಳತೊಡಗಿತು. ಹಲ್ಲುಗಳೆಲ್ಲ ಒಂದು ಮುಖ ಬಿಟ್ಟು ಇನ್ನೊಂದು ಮುಖಕ್ಕೆ ಬಂದು ಬಡಿಯುತ್ತವೆ. ಪ್ರತಿಯೊಂದು ಹಲ್ಲಿನ ನಡುವಣ ಎಳ್ಳಷ್ಟು ಸಡಿಲವೂ ಕೂಡಿ 'ಧಡಕ್' ಎಂಬ ಸದ್ದಾಗುತ್ತದೆ. ಅದೇ ಬದಲಾವಣೆ ಗಂಟೆಗೆ 4 ಕಿಲೋಮೀಟರಿನವರೆಗೆ ತಡೆದು ನಡೆದಿದ್ದರೆ? ಆಗ ಎರಡನೆಯ ಗೇರಿನಲ್ಲಿ 230, ಒಂದನೆಯದರಲ್ಲಿ 415. ಎರಡೂ 650ಕ್ಕಿಂತ ಕೆಳಗೆ. ಎಂಜಿನ್ನಿನ ಮೇಲುಗೈ ತಪ್ಪಲೇ ಇಲ್ಲ. ಚಾಲಕನಿಗೆ ಏನೂ ತಿಳಿಯುವುದಿಲ್ಲ. ಒಂದೇ ಯಂತ್ರ, ಒಂದೇ ಕೆಲಸ. ಒಂದು ಸೆಕೆಂಡು ಮೊದಲು ಆದರೆ ಒದೆತ, ಒಂದು ಸೆಕೆಂಡು ತಡವಾದರೆ ಮೌನ.

ಪಿಕಪ್ಪಿನಲ್ಲಿ ಇದು ಕಾರಿಗಿಂತ ಹೆಚ್ಚಾಗಿ ಕಾಡುವುದಕ್ಕೆ ಅದರ ಮೈಕಟ್ಟೇ ಕಾರಣ. ಎಂಜಿನ್ನು ಮುಂದೆ, ಓಡಿಸುವ ಚಕ್ರಗಳು ಹಿಂದೆ. ನಡುವೆ ಉದ್ದವಾದ ಪ್ರೊಪೆಲರ್ ಷಾಫ್ಟು, ಅದರ ಎರಡು ಮೂರು ಕೀಲುಗಳು, ಕೊನೆಯಲ್ಲಿ ಡಿಫರೆನ್ಷಿಯಲ್. ಪ್ರತಿ ಕೀಲಿನಲ್ಲಿಯೂ ತುಸು ಸಡಿಲ. ಹೊರೆ ಹೊರಲೆಂದು ಮಾಡಿದ ಗಡುಸಾದ ಪಟ್ಟಿ ಸ್ಪ್ರಿಂಗುಗಳು. ತೊಟ್ಟಿ ಬರಿದಾಗಿದ್ದರೆ ಹಿಂಭಾಗ ಹಗುರ. ಬ್ರೇಕು ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲಿ ಹಿಂಚಕ್ರಗಳು ಇನ್ನೂ ಹಗುರವಾಗುತ್ತವೆ. ಒಣ ರಸ್ತೆಯಲ್ಲಿ ಇದು ಕಿರಿಕಿರಿ ಮಾತ್ರ. ಅಲ್ಲಿನ ಚಳಿಗಾಲದಲ್ಲಿ, ಹಿಮಗಟ್ಟಿದ ರಸ್ತೆಯ ಮೇಲೆ, ಹಿಂಚಕ್ರಕ್ಕೆ ಬಿದ್ದ ಸಣ್ಣ ಒದೆತವೂ ಗಾಡಿಯ ಬಾಲವನ್ನು ಪಕ್ಕಕ್ಕೆ ಎಳೆದುಬಿಡಬಲ್ಲುದು.

"ನಮ್ಮ ಹಳೆಯ ಗಾಡಿ ಹೀಗೆ ಮಾಡುತ್ತಿರಲಿಲ್ಲ" ಎಂದು ಹಿರಿಯರು ಹೇಳಿದರೆ ಅದು ಬರಿಯ ಹಳೆಯ ಕಾಲದ ಮೋಹವಲ್ಲ. 1956ರಲ್ಲಿ ಕ್ರೈಸ್ಲರ್ ಕಂಪೆನಿ ತಂದ ಟಾರ್ಕ್‌ಫ್ಲೈಟ್ ಎಂಬ ಮೂರು ಗೇರಿನ ಪೆಟ್ಟಿಗೆ ಮುಂದೆ ಡಾಡ್ಜ್ ಪಿಕಪ್ಪುಗಳಲ್ಲಿಯೂ ಬಂದಿತು. ಅದರ ಒಂದನೆಯ ಗೇರಿನಲ್ಲಿ ಒಮ್ಮುಖ ಕ್ಲಚ್ಚು ಎಂಬ ಸಾಧನವಿತ್ತು. ಸೈಕಲ್ಲಿನ ಹಿಂಚಕ್ರದಲ್ಲಿರುವ ಫ್ರೀವೀಲಿನಂತೆ ಅದು ಒಂದು ದಿಕ್ಕಿಗೆ ಮಾತ್ರ ಹಿಡಿಯುತ್ತದೆ. ಚಕ್ರ ಮುಂದೋಡಿದರೆ ತನ್ನಷ್ಟಕ್ಕೆ ಸಡಿಲವಾಗುತ್ತದೆ. ಹಾಗಾಗಿ ಮಾಮೂಲು ಓಟದ ಸ್ಥಾನದಲ್ಲಿ ಗಾಡಿ ನಿಲ್ಲುತ್ತ ಬಂದಾಗ ಒಂದನೆಯ ಗೇರು ಚಕ್ರವನ್ನು ಎಳೆದು ಹಿಡಿಯುತ್ತಲೇ ಇರಲಿಲ್ಲ. ಒದೆತಕ್ಕೆ ಅವಕಾಶವೆಲ್ಲಿ? ಆದರೆ ಇಳಿಜಾರಿನಲ್ಲಿ ಎಂಜಿನ್ನಿನ ತಡೆ ಬೇಕೆಂದರೆ ಚಾಲಕ ಸನ್ನೆಯನ್ನು ಕೈಯಿಂದಲೇ ಕೆಳಗಿನ ಸ್ಥಾನಕ್ಕೆ ಎಳೆಯಬೇಕಾಗಿತ್ತು.

ಇಂದಿನ ಪೆಟ್ಟಿಗೆಗಳಲ್ಲಿ ಆರು, ಎಂಟು, ಹತ್ತು ಗೇರುಗಳು. ಇಷ್ಟನ್ನು ಅದೇ ಗಾತ್ರದಲ್ಲಿ ಅಡಕಮಾಡಬೇಕಾದ್ದರಿಂದ ಒಂದು ಕ್ಲಚ್ಚು ಬಿಟ್ಟು ಇನ್ನೊಂದು ಹಿಡಿಯುವ ಪಲ್ಲಕ್ಕಿಯ ವಿಧಾನವೇ ಹೆಚ್ಚು. ಇದರ ಮೇಲೆ ಪೆಟ್ರೋಲಿನ ಉಳಿತಾಯದ ಒತ್ತಾಯ. ಕಾಲು ತೆಗೆದ ಒಡನೆ ಕಂಪ್ಯೂಟರು ಎಂಜಿನ್ನಿಗೆ ಇಂಧನವನ್ನೇ ನಿಲ್ಲಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸಿಕೊಂಡು ಹೋಗುತ್ತವೆ. ಎಂಜಿನ್ನು ತೀರ ನಿಧಾನಿಸಬಾರದೆಂದು ಗೇರುಗಳನ್ನು ಬೇಗಬೇಗನೆ ಇಳಿಸುತ್ತದೆ. ವೇಗ ತಗ್ಗಿದಾಗ ಇಂಧನ ಮತ್ತೆ ಬರಬೇಕು. ಇಂಧನ ಮರಳುವುದೂ ಗೇರು ಇಳಿಯುವುದೂ ಒಂದೇ ಕ್ಷಣದಲ್ಲಿ ಡಿಕ್ಕಿಯಾದರೆ ಜಗ್ಗು ತಪ್ಪದು. ಕನ್ವರ್ಟರಿನೊಳಗೂ ಒಂದು ಬೀಗದ ಕ್ಲಚ್ಚಿದೆ. ಓಟದಲ್ಲಿ ಎಣ್ಣೆಯ ಜಾರಿಕೆಯಿಂದ ಶಕ್ತಿ ಪೋಲಾಗದಿರಲೆಂದು ಅದು ಎರಡು ಬದಿಗಳನ್ನು ಬಿಗಿದು ಒಂದುಮಾಡುತ್ತದೆ. ನಿಲ್ಲುವ ಮುನ್ನ ಆ ಬೀಗ ಬಿಡದಿದ್ದರೆ, ಕ್ಲಚ್ಚು ಒತ್ತದೆ ಬಸ್ಸು ನಿಲ್ಲಿಸಲು ಹೋದ ಹೊಸ ಡ್ರೈವರನ ಗಾಡಿಯಂತೆ, ಪಿಕಪ್ಪು ಕುಪ್ಪಳಿಸಿ ಕೆಲವೊಮ್ಮೆ ಆರಿಯೇ ಹೋಗುತ್ತದೆ. ನನ್ನ ದೃಷ್ಟಿಯಲ್ಲಿ ಹೊಸ ಗಾಡಿಗಳ ಒರಟುತನದಲ್ಲಿ ಒಂದು ಪಾಲು ದೋಷವಲ್ಲ. ಲೀಟರಿಗೆ ಇನ್ನೊಂದಿಷ್ಟು ದೂರ ಓಡಬೇಕೆಂಬ ಹಟಕ್ಕೆ ನಾವು ತೆರುವ ಬೆಲೆ.

ಇನ್ನು ಎಣ್ಣೆ. ಮನುಷ್ಯನಿಗೆ ರಕ್ತವಿದ್ದಂತೆ ಈ ಪೆಟ್ಟಿಗೆಗೆ ಎಣ್ಣೆ. ಸಾಮಾನ್ಯವಾಗಿ ಅದಕ್ಕೆ ಕೆಂಪು ಬಣ್ಣವನ್ನೂ ಕೊಟ್ಟಿರುತ್ತಾರೆ. ಅದು ಶಕ್ತಿಯನ್ನು ಸಾಗಿಸಬೇಕು, ಕ್ಲಚ್ಚನ್ನು ಒತ್ತಬೇಕು, ತಂಪಾಗಿಸಬೇಕು, ಹಲ್ಲುಗಳಿಗೆ ಜಾರಿಕೆಯನ್ನು ಕೊಡಬೇಕು. ಕ್ಲಚ್ಚಿನ ತಟ್ಟೆಗಳಿಗೆ ಮಾತ್ರ ಅತಿ ಜಾರಿಕೆಯೂ ಕೂಡದು, ಅತಿ ಹಿಡಿತವೂ ಕೂಡದು. ಈ ಹದವನ್ನು ತರಲು ಹಿಂದೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬೆರೆಸುತ್ತಿದ್ದರೆಂದರೆ ಸೋಜಿಗವಾದೀತು. ಕಡಲಿನ ಆ ದೈತ್ಯ ಪ್ರಾಣಿ ಡೆಟ್ರಾಯಿಟಿನ ಕಾರು ನಯವಾಗಿ ಗೇರು ಬದಲಿಸಲೆಂದು ಪ್ರಾಣ ತೆರುತ್ತಿತ್ತು! 1970ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದ ಬಳಿಕ ರಸಾಯನಶಾಸ್ತ್ರಜ್ಞರು ಬೇರೆ ದ್ರವ್ಯಗಳನ್ನು ಹುಡುಕಬೇಕಾಯಿತು.

ಎಣ್ಣೆ ಹಳೆಯದಾಗಿ ಸುಟ್ಟ ವಾಸನೆ ಬಂದಾಗ ಈ ಹದ ಕೆಡುತ್ತದೆ. ಕ್ಲಚ್ಚು ಮೆಲ್ಲಗೆ ಹಿಡಿಯುವ ಬದಲು ಕಚ್ಚಿಕೊಳ್ಳುತ್ತದೆ. ಎಣ್ಣೆಯ ಮಟ್ಟ ಇಳಿದಿದ್ದರೆ ಪಂಪು ಗಾಳಿಯನ್ನೂ ಹೀರುತ್ತದೆ. ಗಾಳಿ ಬೆರೆತ ಎಣ್ಣೆ ಒತ್ತಿದರೆ ಕುಗ್ಗುತ್ತದೆ. ಆದ್ದರಿಂದ ಕ್ಲಚ್ಚು ಮೊದಲು ತಡಮಾಡಿ ಅನಂತರ ಒಮ್ಮೆಲೇ ಬಡಿಯುತ್ತದೆ. ಬೆಳಗಿನ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿದ್ದಾಗ ಒಂದೆರಡು ಧಕ್ಕೆ ಬಂದು, ಹತ್ತು ನಿಮಿಷದ ಓಟದ ಮೇಲೆ ಸರಿಹೋದರೆ ಹೆದರಬೇಕಾದದ್ದಿಲ್ಲ. ಬಿಸಿಯಾದ ಮೇಲೆ ಧಕ್ಕೆ ಹೆಚ್ಚುತ್ತ ಹೋದರೆ ಮಾತ್ರ ಎಚ್ಚರ ವಹಿಸಬೇಕು. ತಯಾರಕರು ಹೇಳಿದ ಜಾತಿಯ ಎಣ್ಣೆಯನ್ನೇ ಹಾಕಬೇಕು. ಅಂಗಡಿಯವನು "ಇದೂ ಕೆಂಪು, ಅದೂ ಕೆಂಪು" ಎಂದರೆ ನಂಬಬೇಡಿ.

ಒತ್ತಡದ ಅಳತೆಯನ್ನು ಯಾರು ನಿರ್ಧರಿಸುತ್ತಾರೆ? ಹಿಂದಿನ ಪೆಟ್ಟಿಗೆಗಳಲ್ಲಿ ಎಂಜಿನ್ನು ಎಷ್ಟು ದುಡಿಯುತ್ತಿದೆ ಎಂಬ ಸುದ್ದಿಯನ್ನು ಪೆಟ್ಟಿಗೆಗೆ ತಲಪಿಸುತ್ತಿದ್ದುದು ಒಂದು ಬೆರಳು ದಪ್ಪದ ರಬ್ಬರು ಕೊಳವೆ. ಎಂಜಿನ್ನಿನ ನಿರ್ವಾತ ಅದರ ಮೂಲಕ ಹರಿಯುತ್ತಿತ್ತು. ಕೊಳವೆ ಬಿರಿದರೆ ನಿರ್ವಾತದ ಸುದ್ದಿ ಮುಟ್ಟುವುದಿಲ್ಲ. ಎಂಜಿನ್ನು ಬಲವಾಗಿ ದುಡಿಯುತ್ತಿದೆಯೆಂದೇ ಬಗೆದು ಪೆಟ್ಟಿಗೆ ಪೂರ್ತಿ ಒತ್ತಡವನ್ನು ಕೊಡುತ್ತದೆ. ಪ್ರತಿ ಬದಲಾವಣೆಯೂ ಸುತ್ತಿಗೆಯ ಏಟಾಗುತ್ತದೆ. ಕೊಳವೆಯನ್ನು ನೋಡದೆ ಪೆಟ್ಟಿಗೆಯನ್ನೇ ಬಿಚ್ಚಿದರೆ ಏನಾದೀತೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಆ ಕೊಳವೆಯ ಸ್ಥಾನದಲ್ಲಿ ವಿದ್ಯುತ್ ತಂತಿ, ಸಂವೇದಕ, ಕಂಪ್ಯೂಟರು. ಒಂದೊಂದು ಕ್ಲಚ್ಚಿನ ಹಿಂದೆ ಎಷ್ಟು ಎಣ್ಣೆ ತುಂಬಬೇಕು, ಅದು ಎಷ್ಟು ಹೊತ್ತಿಗೆ ಹಿಡಿಯುತ್ತದೆ ಎಂಬುದನ್ನು ಈ ಕಂಪ್ಯೂಟರು ಪ್ರತಿಬಾರಿಯೂ ಅಳೆದು, ಮುಂದಿನ ಬಾರಿಗೆ ತಿದ್ದಿಕೊಳ್ಳುತ್ತದೆ. ತಟ್ಟೆ ಸವೆದಂತೆ ಲೆಕ್ಕವೂ ಬದಲಾಗುತ್ತದೆ. ದುರಸ್ತಿಯ ವೇಳೆ ಈ ಕಲಿಕೆಯನ್ನು ಅಳಿಸಿಹಾಕಿದ್ದರೆ ಅಥವಾ ಕವಾಟದ ಭಾಗವನ್ನು ಹೊಸದಾಗಿ ಕೂಡಿಸಿದ್ದರೆ ಪೆಟ್ಟಿಗೆ ಕೆಲವು ದಿನ ಒರಟಾಗಿ ನಡೆಯುವುದು ಸಹಜ. ಅದು ಮತ್ತೆ ಕಲಿಯಬೇಕು. ಬಯಲಿನಲ್ಲಿ ಹಲವು ಸಲ ಮೆಲ್ಲಗೆ ಓಡಿಸಿ ಮೆಲ್ಲಗೆ ನಿಲ್ಲಿಸುವುದೇ ಅದಕ್ಕೆ ಪಾಠ. ಕಲಿಕೆಯ ಮಿತಿ ಮೀರುವಷ್ಟು ತಟ್ಟೆಗಳು ಸವೆದಿದ್ದರೆ ಮಾತ್ರ ಪಾಠದಿಂದ ಪ್ರಯೋಜನವಿಲ್ಲ.

ಇಲ್ಲೊಂದು ಸಣ್ಣ ಮಾತು. ಪಿಕಪ್ಪುಗಳ ಸನ್ನೆಯ ತುದಿಯಲ್ಲೋ ಚಾಲಕನ ಎದುರಿನ ಹಲಗೆಯಲ್ಲೋ ಹೊರೆ ಎಳೆಯುವಾಗ ಒತ್ತತಕ್ಕ ಗುಂಡಿಯೊಂದಿರುತ್ತದೆ. ಅದನ್ನು ಒತ್ತಿದರೆ, ಬ್ರೇಕು ಹಾಕಿದೊಡನೆ ಪೆಟ್ಟಿಗೆ ಬೇಕೆಂದೇ ಬೇಗ ಕೆಳಗಿನ ಗೇರಿಗೆ ಇಳಿದು ಎಂಜಿನ್ನಿನಿಂದ ತಡೆ ಒಡ್ಡುತ್ತದೆ. ಘಟ್ಟ ಇಳಿಯುವ ಎತ್ತಿನ ಗಾಡಿಯ ಚಕ್ರಕ್ಕೆ ಮರದ ಕಟ್ಟಿಗೆಯನ್ನು ಒತ್ತಿ ಹಿಡಿಯುವುದೂ ಇದೇ ತತ್ತ್ವ. ಹಿಂದೆ ದೋಣಿಯನ್ನೋ ಕುದುರೆಯ ಪೆಟ್ಟಿಗೆಯನ್ನೋ ಎಳೆದುಕೊಂಡು ಹೋಗುವವರಿಗೆ ಅದು ಬೇಕೇ ಬೇಕು. ಹೊರೆ ಇಳಿಸಿದ ಮೇಲೂ ಗುಂಡಿ ಒತ್ತಿದ ಹಾಗೆಯೇ ಇದ್ದರೆ ಖಾಲಿ ಗಾಡಿ ಪ್ರತಿ ತಿರುವಿನಲ್ಲಿಯೂ ಜಗ್ಗುತ್ತದೆ. ಮೆಕ್ಯಾನಿಕ್ಕನ ಬಾಗಿಲು ತಟ್ಟುವ ಮುನ್ನ ಈ ದೀಪ ಹೊತ್ತಿದೆಯೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಪೆಟ್ಟಿಗೆಯ ಹೊರಗಿನ ಕಳ್ಳರು. ಪ್ರೊಪೆಲರ್ ಷಾಫ್ಟಿನ ಮುಂತುದಿ ಗೇರುಪೆಟ್ಟಿಗೆಯೊಳಗೆ ಹಲ್ಲುಗಾಡಿಗಳ ಮೇಲೆ ಹಿಂದೆಮುಂದೆ ಜಾರುವಂತೆ ಇರುತ್ತದೆ. ಹಿಂದಿನ ಅಚ್ಚು ಸ್ಪ್ರಿಂಗಿನೊಡನೆ ಏರಿಳಿದಾಗ ದೂರ ಬದಲಾಗುತ್ತದಲ್ಲವೆ? ಅದಕ್ಕಾಗಿ. ಬ್ರೇಕು ಹಾಕಿದಾಗ ಪಟ್ಟಿ ಸ್ಪ್ರಿಂಗುಗಳು ತುಸು ತಿರುಚಿಕೊಳ್ಳುತ್ತವೆ, ಗಾಡಿ ನಿಂತಾಗ ಬಿಚ್ಚಿಕೊಳ್ಳುತ್ತವೆ. ಹಲ್ಲುಗಾಡಿಗಳಲ್ಲಿ ಗ್ರೀಸು ಒಣಗಿದ್ದರೆ ಆ ತುದಿ ನಯವಾಗಿ ಜಾರದೆ ಹಿಡಿದುಕೊಂಡು, ತರುವಾಯ ಒಮ್ಮೆಲೇ ಬಿಟ್ಟುಕೊಳ್ಳುತ್ತದೆ. ನಿಂತ ಕ್ಷಣದಲ್ಲಿಯೋ ಮತ್ತೆ ಹೊರಟ ಕ್ಷಣದಲ್ಲಿಯೋ 'ಠಣ್' ಎನ್ನುತ್ತದೆ. ಕೇಳಿದವರು ಗೇರು ಇಳಿಯಿತೆಂದೇ ಭಾವಿಸುತ್ತಾರೆ. ಷಾಫ್ಟನ್ನು ಇಳಿಸಿ, ಒರಸಿ, ಸರಿಯಾದ ಗ್ರೀಸು ಹಚ್ಚಿದರೆ ಆಯಿತು. ಸವೆದ ಕೀಲು, ಎಂಜಿನ್ನನ್ನು ಹೊತ್ತಿರುವ ರಬ್ಬರು ದಿಂಬು ಹರಿದಿರುವುದು, ಡಿಫರೆನ್ಷಿಯಲ್ಲಿನ ಸಡಿಲ, ಇವೂ ಇದೇ ಬಗೆಯ ವೇಷಧಾರಿಗಳು.

ಒಳಗಿನ ಕಳ್ಳನೋ ಹೊರಗಿನ ಕಳ್ಳನೋ ಎಂದು ತಿಳಿಯಲು ಮೆಕ್ಯಾನಿಕ್ಕರು ಮಾಡುವ ಪರೀಕ್ಷೆಯೊಂದಿದೆ. ಜನಸಂಚಾರವಿಲ್ಲದ ಸಮತಟ್ಟು ಬಯಲಿನಲ್ಲಿ ಗಾಡಿಯನ್ನು ಮೆಲ್ಲಗೆ ಓಡಿಸಿ, ಧಕ್ಕೆ ಬರುವ ವೇಗಕ್ಕೆ ತುಸು ಮೊದಲೇ ಸನ್ನೆಯನ್ನು ನ್ಯೂಟ್ರಲಿಗೆ ತಂದು, ಬ್ರೇಕಿನಿಂದಲೇ ನಿಲ್ಲಿಸಬೇಕು. ನ್ಯೂಟ್ರಲಿನಲ್ಲಿ ಎಂಜಿನ್ನಿನ ಬಲ ಚಕ್ರವನ್ನು ಮುಟ್ಟುವುದಿಲ್ಲ. ಗೇರಿನ ಒದೆತವೂ ಬಾರದು. ಆಗಲೂ ಧಕ್ಕೆ ಬಂದರೆ ಷಾಫ್ಟು, ಸ್ಪ್ರಿಂಗು, ಬ್ರೇಕುಗಳ ಕಡೆ ಹುಡುಕಬೇಕು. ಧಕ್ಕೆ ಮಾಯವಾದರೆ ಪೆಟ್ಟಿಗೆ, ಅದರ ಎಣ್ಣೆ, ಅದರ ಕಂಪ್ಯೂಟರು, ಎಂಜಿನ್ನಿನ ದಿಂಬು ಇವುಗಳ ಕಡೆ ನೋಡಬೇಕು. ಐದು ನಿಮಿಷದ ಈ ಪರೀಕ್ಷೆ ಅರ್ಧ ಅನುಮಾನವನ್ನು ಅಳಿಸುತ್ತದೆ.

ಈವರೆಗೆ ಹೇಳಿದ ಧಕ್ಕೆಗಳೆಲ್ಲ ನಿಧಾನ ವೇಗದವು. ಜೇಬಿಗೂ ಮನಸ್ಸಿಗೂ ನೋವು ಕೊಡತಕ್ಕವು. ಇನ್ನೊಂದು ಜಾತಿ ಇದೆ, ಅದು ಪ್ರಾಣಕ್ಕೆ ಸಂಬಂಧಿಸಿದ್ದು. ಪೆಟ್ಟಿಗೆಯಿಂದ ಹೊರಡುವ ಷಾಫ್ಟಿನ ವೇಗವನ್ನು ಅಳೆದು ಹೇಳುವ ಸಂವೇದಕವೊಂದಿದೆ. ಗಾಡಿ ಎಷ್ಟು ವೇಗದಲ್ಲಿದೆ ಎಂಬುದಕ್ಕೆ ಗೇರಿನ ಕಂಪ್ಯೂಟರಿಗೆ ಅದೇ ಕಣ್ಣು. ಆ ಸುದ್ದಿ ನಡುದಾರಿಯಲ್ಲಿ ಕಡಿದರೆ ಕಂಪ್ಯೂಟರು ಏನೆಂದು ತಿಳಿಯಬೇಕು? 2011ರಿಂದ 2013ರವರೆಗಿನ ಮಾದರಿಯ ಫೋರ್ಡ್ ಎಫ್-150 ಪಿಕಪ್ಪುಗಳಲ್ಲಿ, ಮೇಲೆ ಅಂಕಿ ಕೊಟ್ಟ ಆರು ಗೇರಿನ ಪೆಟ್ಟಿಗೆಯಲ್ಲಿಯೇ, ಇಂಥ ಸಂದರ್ಭದಲ್ಲಿ ಓಡುತ್ತಿರುವ ಗಾಡಿ ಇದ್ದಕ್ಕಿದ್ದಂತೆ ಒಂದನೆಯ ಗೇರಿಗೆ ಇಳಿದುಬಿಡಬಹುದೆಂದು ಕಂಡುಬಂದಿತು. ಚಾಲಕನಿಗೆ ಯಾವ ಮುನ್ಸೂಚನೆಯೂ ಇಲ್ಲ. ನಮ್ಮ ಲೆಕ್ಕವನ್ನೇ ಮುಂದುವರಿಸಿ ನೋಡಿ. ಗಂಟೆಗೆ 100 ಕಿಲೋಮೀಟರಿನಲ್ಲಿ ಆರನೆಯ ಗೇರಿನ ದಂಡ ನಿಮಿಷಕ್ಕೆ ಸುಮಾರು 1,700 ಸುತ್ತು ತಿರುಗುತ್ತದೆ. ಅದೇ ವೇಗದಲ್ಲಿ ಒಂದನೆಯ ಗೇರಾದರೆ 10,000ಕ್ಕೂ ಮಿಕ್ಕಿ ತಿರುಗಬೇಕು! ಅಷ್ಟು ವೇಗ ಆ ಎಂಜಿನ್ನಿನ ಶಕ್ತಿಗೆ ಮೀರಿದ್ದು. ಹಿಂಚಕ್ರಗಳಿಗೆ ಹಠಾತ್ತಾಗಿ ತಡೆ ಬಿದ್ದು ಅವು ಜಾರತೊಡಗುತ್ತವೆ, ಗಾಡಿ ಹತೋಟಿ ತಪ್ಪುತ್ತದೆ, ಹಿಂದೆ ಬರುವವರಿಗೆ ಬ್ರೇಕಿನ ಕೆಂಪು ದೀಪವೂ ಕಾಣುವುದಿಲ್ಲ.

ಉತ್ತರ ಅಮೆರಿಕದಲ್ಲಿ ಇಂಥ ಸುಮಾರು 15 ಲಕ್ಷ ಗಾಡಿಗಳನ್ನು ಕಂಪೆನಿ 2019ರಲ್ಲಿ ದುರಸ್ತಿಗೆಂದು ಹಿಂದಕ್ಕೆ ಕರೆಯಿಸಿಕೊಂಡಿತು. 2014ರ ಮಾದರಿಯ ಐದೂವರೆ ಲಕ್ಷಕ್ಕೂ ಹೆಚ್ಚು ಗಾಡಿಗಳಿಗೆ ಇದೇ ಕರೆ 2024ರಲ್ಲಿ ಬಂದಿತು. ಗಮನಿಸಬೇಕಾದದ್ದು, ಇದಕ್ಕೆ ಮಾಡಿದ ಚಿಕಿತ್ಸೆಯಲ್ಲಿ ಮೊದಲನೆಯದು ಹಲ್ಲುಚಕ್ರ ಬದಲಿಸುವುದಲ್ಲ, ಕಂಪ್ಯೂಟರಿಗೆ ಹೊಸ ಆದೇಶಗಳನ್ನು ಬರೆಯುವುದು. ಮುಂದಿನ ಮಾದರಿಗಳಲ್ಲಿಯೂ ಅನಿರೀಕ್ಷಿತವಾಗಿ ಗೇರು ಇಳಿಯುತ್ತದೆಂಬ ದೂರುಗಳು ಬಂದುದರಿಂದ ಆ ದೇಶದ ಹೆದ್ದಾರಿ ಸುರಕ್ಷತಾ ಇಲಾಖೆ 2025ರಲ್ಲಿ ವಿಚಾರಣೆ ಆರಂಭಿಸಿತು.

ಆದಕಾರಣ ಮೆಕ್ಯಾನಿಕ್ಕನ ಬಳಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಕೆಲವು ಮಾತುಗಳನ್ನು ಗುರುತುಹಾಕಿಕೊಳ್ಳಬೇಕು. ಧಕ್ಕೆ ಯಾವ ವೇಗದಲ್ಲಿ ಬರುತ್ತದೆ, ಬೆಳಗಿನ ಚಳಿಯಲ್ಲೋ, ಬಿಸಿಯಾದ ಮೇಲೋ, ಬ್ರೇಕು ಒತ್ತಿದಾಗ ಮಾತ್ರವೋ, ಸುಮ್ಮನೆ ಕಾಲು ತೆಗೆದಾಗಲೂ ಉಂಟೋ, ನಿಲ್ಲುವ ಮುನ್ನವೋ, ನಿಂತ ಮೇಲೋ, ನ್ಯೂಟ್ರಲಿನಲ್ಲಿ ಏನಾಯಿತು, ಎಚ್ಚರಿಕೆಯ ದೀಪ ಹೊತ್ತಿತ್ತೆ, ಇತ್ತೀಚೆಗೆ ಎಣ್ಣೆ ಅಥವಾ ಬ್ಯಾಟರಿ ಬದಲಿಸಿದ್ದುಂಟೆ. "ಗೇರು ಒರಟಾಗಿದೆ" ಎಂಬ ಒಂದೇ ಮಾತಿಗಿಂತ ಈ ಚೀಟಿಯಿಂದ ಅವನಿಗೆ ಹತ್ತುಪಾಲು ಸಹಾಯ. ಹೆದ್ದಾರಿಯ ವೇಗದಲ್ಲಿ ಗೇರು ತಾನಾಗಿ ಇಳಿದದ್ದು ಒಂದೇ ಸಲವಾದರೂ, ಮತ್ತೆ ಪರೀಕ್ಷಿಸಿ ನೋಡಲು ಹೊರಡದೆ ಗಾಡಿಯನ್ನು ನೇರವಾಗಿ ಕಂಪೆನಿಯ ಕಾರ್ಯಾಗಾರಕ್ಕೆ ಒಪ್ಪಿಸುವುದು ಲೇಸು. ಅಮೆರಿಕದಲ್ಲಿರುವವರು ಗಾಡಿಯ 17 ಅಕ್ಷರಾಂಕಗಳ ಗುರುತಿನ ಸಂಖ್ಯೆಯನ್ನು ಸುರಕ್ಷತಾ ಇಲಾಖೆಯ ಅಂತರ್ಜಾಲ ತಾಣದಲ್ಲಿ ತುಂಬಿದರೆ, ಆ ಗಾಡಿಗೆ ಇಂಥ ಕರೆ ಬಾಕಿ ಇದೆಯೆ ಎಂಬುದು ಅಲ್ಲಿಯೇ ತಿಳಿಯುತ್ತದೆ. ಬಾಕಿ ಇದ್ದರೆ ಅಧಿಕೃತ ವ್ಯಾಪಾರಿ ಹಣ ಪಡೆಯದೆ ದುರಸ್ತಿ ಮಾಡಿಕೊಡುತ್ತಾನೆ.